ಉಪ್ಪುನೀರಿನ ಅಕ್ವೇರಿಯಂಗೆ ಉಸುಕು ಆರಿಸುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಸಮಗ್ರ ಮಾರ್ಗದರ್ಶಿ

ಸಮುದ್ರದ ಮೀನು ಸಾಕಲು ಹೊರಟವರು ದೀಪ, ಪಂಪ್, ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರ್ ಆರಿಸಲು ತಿಂಗಳುಗಟ್ಟಲೆ ವಿಚಾರ ಮಾಡುತ್ತಾರೆ. ಉಸುಕಿನ ಮಾತು ಬಂದಾಗ ಮಾತ್ರ ‘ಬೆಳ್ಳಗ ಚಂದ ಕಾಣೂದು ಯಾವುದರ ಹಾಕಿದ್ರ ಆತಲ್ಲ್ರೀ’ ಎಂದು ಮುಗಿಸಿಬಿಡುತ್ತಾರೆ. ದೀಪ ಹೊಂದದಿದ್ದರೆ ಒಂದು ಸಂಜೆಯಲ್ಲಿ ಬದಲಿಸಬಹುದು, ಪಂಪನ್ನೂ ಹಾಗೆಯೇ. ಆದರೆ ಕಲ್ಲು ಕೂತು, ನೀರು ತುಂಬಿ, ಮೀನು ಸೇರಿದ ಮೇಲೆ ತಳದ ಉಸುಕು ಬದಲಿಸಬೇಕೆಂದರೆ ಟ್ಯಾಂಕನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಆದ್ದರಿಂದ ಕೇಳಿದವರಿಗೆಲ್ಲ ನಾನು ಒಂದೇ ಕ್ರಮ ಹೇಳುತ್ತೇನೆ. ಆ ಉಸುಕಿನ ಮೇಲೆ ಯಾವ ಜೀವ ಬದುಕಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಅದು ಯಾವ ಕಲ್ಲಿನದು ಎಂದು ನೋಡಿ, ಆಮೇಲೆ ಕಾಳಿನ ಗಾತ್ರ. ಬಣ್ಣ ಎಲ್ಲಕ್ಕಿಂತ ಕೊನೆಗೆ.

ನಮ್ಮ ಕಡೆಯ ಉಸುಕು ಯಾಕೆ ಬೇಡ

ಹಂತಗಳಿಗೆ ಬರುವ ಮೊದಲು ಇದನ್ನು ತೀರಿಸಿಕೊಳ್ಳೋಣ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲಿಂದಲೇ ಶುರು ಮಾಡುತ್ತಾರೆ. ‘ಸರ, ಮುಂದಿನ ವಾರ ಗೋಕರ್ಣಕ್ಕ ಹೊಂಟೇವಿ. ಬರೂ ಮುಂದ ಎರಡು ಚೀಲ ಉಸುಕು ತಂದ್ರ ನಡೀತದೇನ್ರೀ?’

ನಡೆಯುವುದಿಲ್ಲ. ಕಾನೂನು ಮೊದಲ ಕಾರಣ. ಕರಾವಳಿ ನಿಯಂತ್ರಣ ವಲಯದಲ್ಲಿ, ಅಂದರೆ ಜನ ಸಿಆರ್‌ಝಡ್ ಎಂದು ಕರೆಯುವ ಪಟ್ಟಿಯಲ್ಲಿ, ಉಸುಕು ತೆಗೆಯುವುದಕ್ಕೆ ನಿಷೇಧವಿದೆ. ಎರಡನೆಯ ಕಾರಣ ಉಸುಕಿನ ಹುಟ್ಟಿಗೆ ಸೇರಿದ್ದು, ನನಗೆ ಹೆಚ್ಚು ಮುಖ್ಯ ಅನ್ನಿಸುವುದೂ ಅದೇ. ಉತ್ತರ ಕನ್ನಡದ ದಂಡೆಯ ಉಸುಕು ಸಮುದ್ರದ ಬದಿಗೆ ಬಿದ್ದಿದ್ದರೂ ಅದರ ಹೆಚ್ಚಿನ ಪಾಲು ಸಮುದ್ರದಲ್ಲಿ ಹುಟ್ಟಿದ್ದಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಕಲ್ಲನ್ನು ತೇಯ್ದು ತಂದು ಹಾಕಿದ ಬೆಣಚುಕಲ್ಲಿನ ಕಾಳು ಅದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಯ ನೀರಿನೊಡನೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು ಅಂಕೋಲಾ–ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ಹೀಗಾಗಿ ನೀವು ಅಲ್ಲಿಂದ ಹೊತ್ತು ತರುವ ಚೀಲದಲ್ಲಿ ನಮ್ಮದೇ ಗುಡ್ಡಗಳ ಕಲ್ಲೂ ಇರುತ್ತದೆ. ಹವಳದ ದಿಬ್ಬದ ಮೀನಿಗೆ ಬೇಕಾದ ಸುಣ್ಣದ ಉಸುಕು ಬೇರೆಯೇ ಜಾತಿ. ಇದರ ಮೇಲೆ ಕಬ್ಬಿಣದ ಅಂಶವಿರುವ ಕರಿ ಕಾಳುಗಳು, ದೋಣಿಗಳ ಡೀಸೆಲ್, ಊರಿನ ಚರಂಡಿ ನೀರು ಸೇರಿರುವ ಸಾಧ್ಯತೆಯೂ ಇದೆ.

ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ ಹವಳ ಉಂಟು ನಿಜ. ಆದರೆ ಕಲ್ಲು ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಸತ್ತು ಬಿದ್ದ ತುಂಡನ್ನು ಎತ್ತಿ ತರುವುದೂ ತಪ್ಪೇ. ಲಕ್ಷದ್ವೀಪ, ಅಂಡಮಾನಿಗೆ ಪ್ರವಾಸ ಹೋದವರು ಚೀಲದಲ್ಲಿಟ್ಟು ತಂದ ತುಂಡುಗಳನ್ನು ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ.

ಇನ್ನು ನದಿಯ ಉಸುಕು. ಹಾವೇರಿಯವರಿಗೆ ತುಂಗಭದ್ರಾ, ವರದಾ ನದಿಗಳ ಉಸುಕು ಮನೆ ಕಟ್ಟುವವರ ಬಳಿ ಸುಲಭವಾಗಿ ಸಿಗುತ್ತದೆ. ಸಿಹಿನೀರಿನ ಗಿಡದ ಟ್ಯಾಂಕಿಗೆ ಅದನ್ನು ಚೆನ್ನಾಗಿ ತೊಳೆದು ಹಾಕಬಹುದು. ಉಪ್ಪುನೀರಿಗೆ ಹೊಂದುವುದಿಲ್ಲ, ಯಾಕೆಂದರೆ ಅದರಲ್ಲಿ ಬೆಣಚುಕಲ್ಲಿನ ಜೊತೆ ಅಭ್ರಕ, ಜೇಡಿ, ಕಬ್ಬಿಣದ ಕಣ ಎಲ್ಲ ಬೆರೆತಿರುತ್ತವೆ. ಗದಗಿನ ಕಪ್ಪತಗುಡ್ಡದ ಸುತ್ತಿನ ಹಳ್ಳಗಳ ಉಸುಕಿನ ಕೆಂಪು ಬಣ್ಣವೇ ಅದರಲ್ಲಿರುವ ಕಬ್ಬಿಣವನ್ನು ಹೇಳುತ್ತದೆ. ಎಂ-ಸ್ಯಾಂಡಂತೂ ಜಲ್ಲಿಕಲ್ಲು ಒಡೆದು ಮಾಡಿದ್ದು. ಕಾಳಿನ ಅಂಚು ಚೂಪಾಗಿರುತ್ತದೆ, ಪುಡಿ ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಣ್ಣ ಹಚ್ಚಿದ ಕಲ್ಲು, ಅಮೃತಶಿಲೆಯ ಚೂರುಗಳನ್ನೂ ಇದೇ ಸಾಲಿಗೆ ಸೇರಿಸಿ. ಅಷ್ಟು ದಪ್ಪ ಚೂರುಗಳ ಸಂದಿಯಲ್ಲಿ ಮೇವು ಇಳಿದು ಕೊಳೆಯುತ್ತದೆ.

ಹಂತ 1: ಮೊದಲು ಜೀವ ಗೊತ್ತುಮಾಡಿ

ಒಂದು ಹಾಳೆ ತೆಗೆದುಕೊಂಡು, ಮುಂದಿನ ಎರಡು ವರ್ಷದಲ್ಲಿ ಯಾವ ಮೀನು, ಯಾವ ಹವಳ ಸಾಕುವ ಆಸೆ ಇದೆ ಎಂದು ಬರೆಯಿರಿ. ಉಸುಕು ಆರಿಸಲು ಬೇಕಾದ ಅರ್ಧದಷ್ಟು ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ.

ಕ್ಲೌನ್‌ಫಿಶ್, ಡ್ಯಾಮ್ಸೆಲ್, ಟ್ಯಾಂಗ್ ಮೀನುಗಳಿಗೆ ತಳದಲ್ಲಿ ಏನಿದೆ ಎಂಬುದು ಹೆಚ್ಚು ಲೆಕ್ಕಕ್ಕಿಲ್ಲ. ಹ್ಯಾಲಿಕೊಯರಿಸ್ ಜಾತಿಯ ರಾಸ್ ಮೀನುಗಳಿಗೆ ಉಸುಕೇ ಹಾಸಿಗೆ. ಕತ್ತಲಾದ ಕೂಡಲೇ ಮುಳುಗಿ ಮಲಗುತ್ತವೆ, ಹೆದರಿದಾಗಲೂ ಅದರೊಳಗೇ ನುಗ್ಗುತ್ತವೆ. ಅವಕ್ಕೆ ಸಣ್ಣ ಕಾಳಿನ ಉಸುಕು, ಕನಿಷ್ಠ 5ರಿಂದ 7 ಸೆಂ.ಮೀ. ಆಳ ಬೇಕು. ದಪ್ಪ ಚೂರುಗಳ ತಳ ಹಾಕಿದರೆ ಮೈ ಗೀರಿಕೊಂಡು ಸೋಂಕು ಹತ್ತಿಸಿಕೊಳ್ಳುತ್ತವೆ.

ಸ್ಲೀಪರ್ ಗೋಬಿ ಬಾಯಿತುಂಬ ಉಸುಕು ತೆಗೆದುಕೊಂಡು, ಒಳಗಿನ ಸಣ್ಣ ಜೀವಿಗಳನ್ನು ಉಳಿಸಿಕೊಂಡು, ಕಾಳನ್ನು ಕಿವಿರಿನ ಮೂಲಕ ಉದುರಿಸುತ್ತದೆ. ಸಣ್ಣ, ದುಂಡನೆಯ ಕಾಳಿಲ್ಲದೆ ಈ ಮೀನು ಹಸಿದೇ ಸಾಯುತ್ತದೆ. ಅದು ಹವಳದ ತಲೆಯ ಮೇಲೂ ಉಸುಕು ಸುರಿಯುತ್ತದೆ ಎಂಬುದನ್ನು ಮರೆಯಬೇಡಿ. ಪಿಸ್ತೂಲ್ ಸಿಗಡಿ ಮತ್ತು ಅದರ ಜೊತೆಗಾರ ಗೋಬಿ ಸುರಂಗ ತೋಡುವವು. ಒಂದೇ ಗಾತ್ರದ ಸಣ್ಣ ಉಸುಕಿನಲ್ಲಿ ಸುರಂಗ ಕುಸಿಯುತ್ತದೆ, ಆದ್ದರಿಂದ ನಡುನಡುವೆ ದಪ್ಪ ಚೂರು ಬೆರೆಸಬೇಕು. ಬಿಲ ತೋಡಿ ಇರುವ ಜಾಫಿಶ್ ಸಾಕುವ ಆಸೆಯಿದ್ದರೆ 10ರಿಂದ 15 ಸೆಂ.ಮೀ. ಆಳದ, ಚೂರು ಬೆರೆಸಿದ ತಳವೇ ಆಗಬೇಕು.

ಉಸುಕು ಸೋಸುವ ನಕ್ಷತ್ರಮೀನನ್ನು ಸಣ್ಣ ಟ್ಯಾಂಕಿಗೆ ದಯವಿಟ್ಟು ತರಬೇಡಿ. ಉಸುಕಿನೊಳಗಿನ ಜೀವಿಗಳನ್ನೆಲ್ಲ ತಿಂದು ಮುಗಿಸಿ, ಆಮೇಲೆ ತಿಂಗಳುಗಟ್ಟಲೆ ಹಸಿವಿನಿಂದ ಸವೆದು ಸಾಯುತ್ತದೆ. ಅದು ನೋಡಲು ಚಂದ ಎಂಬುದು ಈ ಸಾವಿಗೆ ಸಾಕಾಗುವ ಕಾರಣವಲ್ಲ. ಅದರ ಬದಲು ನಸ್ಸೇರಿಯಸ್ ಜಾತಿಯ ಬಸವನಹುಳು ತನ್ನಿ. ಹಗಲೆಲ್ಲ ಹುದುಗಿದ್ದು, ಮೇವಿನ ವಾಸನೆ ಬಂದಾಗ ಎದ್ದು ಬಂದು ಉಳಿದದ್ದನ್ನು ತಿನ್ನುತ್ತದೆ.

ಹೊಸ ಮೀನನ್ನು ಬೇರೆ ಇಟ್ಟು ನೋಡಿಕೊಳ್ಳುವ ಟ್ಯಾಂಕಿಗೆ ಉಸುಕೇ ಬೇಡ. ಅಲ್ಲಿ ಬಳಸುವ ತಾಮ್ರದ ಔಷಧಿಯನ್ನು ಸುಣ್ಣದ ಉಸುಕು ಹೀರಿಕೊಂಡು ಲೆಕ್ಕ ತಪ್ಪಿಸುತ್ತದೆ.

ಹಂತ 2: ಯಾವ ಕಲ್ಲಿನ ಉಸುಕು

ಉಪ್ಪುನೀರಿಗೆ ಆರಗೊನೈಟ್ ಸರಿ. ಇದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ. ಹವಳಗಳ ಎಲುಬು, ಎಷ್ಟೋ ಚಿಪ್ಪುಗಳು, ಹ್ಯಾಲಿಮಿಡಾ ಎಂಬ ಸುಣ್ಣ ತುಂಬಿದ ಪಾಚಿ ಎಲ್ಲ ಇದರಿಂದಲೇ ಆದವು. ಹವಳದ ದ್ವೀಪಗಳ ಬಿಳಿ ದಂಡೆಯಲ್ಲಿ ಗಿಳಿಮೀನು ಹವಳ ಕಡಿದು, ಅರೆದು, ಹೊರಹಾಕಿದ ಪಾಲು ದೊಡ್ಡದು. ಬಹಾಮಾಸಿನ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಇದು ಬೇರೆ ರೀತಿಯಲ್ಲಿ ಹುಟ್ಟುತ್ತದೆ. ಒಂದು ಸಣ್ಣ ಕಣದ ಸುತ್ತ ಪದರ ಪದರವಾಗಿ ಸುಣ್ಣ ಕೂತು ದುಂಡನೆಯ ಕಾಳಾಗುತ್ತದೆ. ಅಂಗಡಿಯಲ್ಲಿ ‘ಊಲೈಟ್’ ಎಂದು ಸಿಗುವ ನುಣುಪಾದ ಉಸುಕು ಇದೇ.

ಆರಗೊನೈಟ್ ಹಾಕಿದರೆ ನೀರಿನ ಪಿಎಚ್ ತಾನೇ 8.2ರಲ್ಲಿ ನಿಲ್ಲುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದನ್ನು ನಂಬಿ ಪರೀಕ್ಷೆ ಬಿಡಬೇಡಿ. ಚೆನ್ನಾಗಿಟ್ಟ ಸಮುದ್ರದ ನೀರಿನಲ್ಲಿ ಆರಗೊನೈಟಿನ ಅಂಶ ಮೊದಲೇ ತುಂಬಿ ತುಳುಕುವಷ್ಟು ಇರುವುದರಿಂದ, ಆ ಪಿಎಚ್‌ನಲ್ಲಿ ಉಸುಕು ಕರಗುವುದಿಲ್ಲ. ತಳದ ಒಳಗೆ, ಬ್ಯಾಕ್ಟೀರಿಯಾಗಳ ಉಸಿರಿನಿಂದ ಪಿಎಚ್ ಇಳಿದ ಜಾಗದಲ್ಲಿ ಮಾತ್ರ ಅಲ್ಪಸ್ವಲ್ಪ ಕರಗುತ್ತದೆ. ಹವಳಕ್ಕೆ ಬೇಕಾದ 400–450 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಕ್ಯಾಲ್ಸಿಯಂ, 8–10 ಡಿಕೆಎಚ್ ಆಲ್ಕಲಿನಿಟಿಯನ್ನು (ಆಮ್ಲವನ್ನು ತಡೆಯುವ ನೀರಿನ ಶಕ್ತಿ; ಡಿಕೆಎಚ್ ಅದರ ಅಳತೆ) ಕಾಯಬೇಕಾದವರು ನೀವೇ. ಆರಗೊನೈಟಿನ ನಿಜವಾದ ಲಾಭ ಬೇರೆ. ಅದು ನೀರಿಗೆ ಪರಕೀಯವಾದುದನ್ನು ಬಿಡುವುದಿಲ್ಲ. ಅದರ ರಂಧ್ರಗಳಿರುವ ಕಾಳಿನ ಮೇಲೆ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತವೆ. ಅದು ಮೆದು ಕೂಡ.

ಮೆದು ಎಂದೆ. ಗಟ್ಟಿತನದ ಅಳತೆಯಲ್ಲಿ ಆರಗೊನೈಟ್ 3.5ರಿಂದ 4, ಗಾಜು ಸುಮಾರು 5.5, ಬೆಣಚುಕಲ್ಲು 7. ಗಾಜು ಒರೆಸುವ ಅಯಸ್ಕಾಂತದ ಅಡಿಗೆ ಬೆಣಚಿನ ಒಂದು ಕಾಳು ಸಿಕ್ಕರೂ ಗಾಜಿನ ಮೇಲೆ ಉದ್ದ ಗೀರು ಬೀಳುತ್ತದೆ.

ಸಿಲಿಕಾ ಉಸುಕು, ಅಂದರೆ ಬೆಣಚುಕಲ್ಲಿನ ಉಸುಕು, ವಿಷ ಎಂದು ಹೇಳುವುದೂ ಅತಿಯಾಯಿತು. ಕಂದು ಪಾಚಿಗೆ ಅದೇ ಕಾರಣ ಎಂಬ ದೂರು ಹಳೆಯದು, ಆದರೆ ಬೆಣಚುಕಲ್ಲು ನೀರಿನಲ್ಲಿ ಕರಗುವುದು ತೀರಾ ನಿಧಾನ. ಬರೀ ಮೀನು ಸಾಕುವವರು, ಖರ್ಚು ಉಳಿಸಬೇಕಾದವರು ಈಜುಕೊಳದ ಫಿಲ್ಟರಿಗೆ ಹಾಕುವ ಶುದ್ಧ ಸಿಲಿಕಾ ಉಸುಕು ಬಳಸಿದರೆ ನಾನು ಬೇಡ ಎನ್ನುವುದಿಲ್ಲ. ಹವಳ ಬೆಳೆಸುವವರು ಆರಗೊನೈಟಿಗೇ ಹಣ ಕೂಡಿಸಿ.

ಹಂತ 3: ಮನೆಯಲ್ಲೇ ಪರೀಕ್ಷೆ

ಚೀಲದ ಮೇಲೆ ಏನು ಬರೆದಿದ್ದರೂ, ಪೂರ್ತಿ ಕೊಳ್ಳುವ ಮೊದಲು ಒಂದು ಹಿಡಿ ತಂದು ನೋಡಿ. ಇವಕ್ಕೆ ಅಡುಗೆಮನೆಯ ಸಾಮಾನು ಸಾಕು.

ಮೊದಲನೆಯದು ವಿನೆಗರ್ ಪರೀಕ್ಷೆ. ಸುಮಾರು 2 ಗ್ರಾಂ ಉಸುಕಿಗೆ 100 ಮಿ.ಲೀ. ಬಿಳಿ ವಿನೆಗರ್ ಹಾಕಿ. ಸುಣ್ಣದ ಉಸುಕಾದರೆ ಕೂಡಲೇ ಗುಳ್ಳೆ ಏಳುತ್ತವೆ. ಇಷ್ಟಕ್ಕೇ ನಿಲ್ಲಿಸಬೇಡಿ, ಯಾಕೆಂದರೆ ಚಿಪ್ಪಿನ ಚೂರು ಬೆರೆತ ಬೆಣಚು ಉಸುಕಿನಲ್ಲೂ ಗುಳ್ಳೆ ಏಳುತ್ತವೆ. ರಾತ್ರಿಯಿಡೀ ಬಿಟ್ಟು, ನಡುವೆ ಒಂದೆರಡು ಸಲ ಅಲ್ಲಾಡಿಸಿ. ಬೆಳಗ್ಗೆ ತಳದಲ್ಲಿ ಕರಗದೆ ಉಳಿದದ್ದು ಸುಣ್ಣವಲ್ಲದ ಪಾಲು. ಒಳ್ಳೆಯ ಆರಗೊನೈಟ್ ಹೆಚ್ಚುಕಡಿಮೆ ಪೂರ್ತಿ ಮಾಯವಾಗಿರುತ್ತದೆ.

ಎರಡನೆಯದು ಅಯಸ್ಕಾಂತ. ಅದನ್ನು ತೆಳು ಪಾಲಿಥಿನ್‌ನಲ್ಲಿ ಸುತ್ತಿ, ಒಣ ಉಸುಕಿನಲ್ಲಿ ನಿಧಾನವಾಗಿ ಎಳೆಯಿರಿ. ಕರಿ ಕಾಳು ಅಂಟಿದರೆ ಆ ಉಸುಕು ಬೇಡ. ಕಪ್ಪು ಉಸುಕು ಬೇಕು ಎನ್ನುವವರಿಗೆ ಈ ಪರೀಕ್ಷೆ ಕಡ್ಡಾಯ. ಆ ಬಣ್ಣ ಎಷ್ಟೋ ಸಲ ಕಬ್ಬಿಣದ ಖನಿಜದಿಂದಲೇ ಬಂದಿರುತ್ತದೆ.

ಮೂರನೆಯದಕ್ಕೆ ತುಸು ತಾಳ್ಮೆ ಬೇಕು. ಒಂದು ಲೋಟ ಉಸುಕನ್ನು ಆರ್‌ಓ ನೀರಿನಲ್ಲಿ ಒಂದು ದಿನ ನೆನೆಸಿ, ಮೇಲಿನ ನೀರನ್ನು ಫಾಸ್ಫೇಟ್ ಮತ್ತು ಅಮೋನಿಯಾ ಕಿಟ್‌ನಿಂದ ನೋಡಿ. ಸುಣ್ಣದ ಕಾಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು, ಮುಂದೆ ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಬೇರೆಯವರ ಟ್ಯಾಂಕಿನಿಂದ ತೆಗೆದ ಹಳೆಯ ಉಸುಕು ಅಗ್ಗಕ್ಕೆ ಸಿಕ್ಕರೆ ಈ ಪರೀಕ್ಷೆ ಮಾಡದೆ ಮುಟ್ಟಬೇಡಿ.

ಹಂತ 4: ಕಾಳಿನ ಗಾತ್ರ

ಪ್ಯಾಕೆಟಿನ ಮೇಲಿನ ಮಿಲಿಮೀಟರ್ ಲೆಕ್ಕ ಕಣ್ಣಿಗೆ ಕಟ್ಟದಿದ್ದರೆ ಮನೆಯ ಡಬ್ಬಿಗಳನ್ನು ತೆರೆದು ನೋಡಿ. ಅರ್ಧ ಮಿ.ಮೀ.ಗಿಂತ ಸಣ್ಣದು ಚಿರೋಟಿ ರವಾ. ಒಂದು ಮಿ.ಮೀ. ಆಸುಪಾಸಿನದು ಉಪ್ಪಿಟ್ಟಿನ ರವಾ. ಎರಡು-ಮೂರು ಮಿ.ಮೀ. ಎಂದರೆ ಜೋಳದ ನುಚ್ಚು.

ಚಿರೋಟಿ ರವೆಯ ಗಾತ್ರದ್ದು ರಾಸ್, ಗೋಬಿಗಳಿಗೆ ಹಿತ. ಮೇವು ಒಳಗಿಳಿಯದೆ ಮೇಲೆಯೇ ನಿಲ್ಲುವುದರಿಂದ ಪಂಪಿನ ನೀರು ಅದನ್ನು ಫಿಲ್ಟರಿಗೆ ಒಯ್ಯುತ್ತದೆ. ತೊಂದರೆಯೆಂದರೆ ನೀರಿಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಸ್ವಲ್ಪ ಜೋರಾದರೂ ಒಂದು ಮೂಲೆಯಲ್ಲಿ ಗಾಜು ಕಾಣುತ್ತದೆ, ಇನ್ನೊಂದು ಮೂಲೆಯಲ್ಲಿ ದಿಬ್ಬ ಏಳುತ್ತದೆ. ಎಸ್‌ಪಿಎಸ್ ಎಂಬ, ಸಣ್ಣ ಪಾಲಿಪ್ಪಿನ ಕಲ್ಲು ಹವಳ ಇಡುವವರಿಗೆ ಟ್ಯಾಂಕಿನ ನೀರನ್ನು ಗಂಟೆಗೆ ಹತ್ತಾರು ಪಟ್ಟು ತಿರುಗಿಸುವ ಪಂಪು ಬೇಕು. ಆ ರಭಸಕ್ಕೆ ಈ ಉಸುಕು ನಿಲ್ಲುವುದಿಲ್ಲ.

ನುಚ್ಚಿನ ಗಾತ್ರದ್ದು, ಅಂದರೆ ಅಂಗಡಿಗಳಲ್ಲಿ ‘ಕೋರಲ್ ಚಿಪ್ಸ್’ ಎಂದು ಮಾರುವಂಥದ್ದು, ಹಾರುವುದಿಲ್ಲ ಎಂಬುದೊಂದೇ ಗುಣ. ಸಂದಿಗಳಲ್ಲಿ ಕೊಳೆ ಕೂತು ನೈಟ್ರೇಟ್ ಏರುತ್ತಲೇ ಹೋಗುತ್ತದೆ. ಮುಖ್ಯ ತಳಕ್ಕೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಬಿಡಿ ಚೀಲದಲ್ಲಿ ಬರುವ ಇಂಥ ಮಾಲು ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ, ಬಿಲ್ ಕೊಡದಿದ್ದರೆ, ಬಿಟ್ಟುಬಿಡಿ.

ಉಪ್ಪಿಟ್ಟಿನ ರವೆಯ ಗಾತ್ರ, 1ರಿಂದ 2 ಮಿ.ಮೀ. ಒಳಗಿನದು, ಮೊದಲ ಟ್ಯಾಂಕಿನವರಿಗೆಲ್ಲ ನನ್ನ ಸಲಹೆ. ಸಾಧಾರಣ ಹರಿವಿಗೆ ಕದಲುವುದಿಲ್ಲ, ಪೈಪಿನಿಂದ ತಳದ ಕೊಳೆ ಎಳೆಯುವಾಗ, ಅಂದರೆ ಸೈಫನ್ ಮಾಡುವಾಗ, ಪೈಪಿನಲ್ಲಿ ಎದ್ದು ಮತ್ತೆ ಕೆಳಗೇ ಬೀಳುತ್ತದೆ, ನಸ್ಸೇರಿಯಸ್ ಸುಲಭವಾಗಿ ಹುದುಗುತ್ತದೆ. ಬೆರಳಲ್ಲಿ ಉಜ್ಜಿದಾಗ ಚುಚ್ಚದೆ ಜಾರುವ, ಅಂಚು ಸವೆದ ಕಾಳನ್ನೇ ಆರಿಸಿ.

ಬಣ್ಣದ ಬಗ್ಗೆ ಎರಡೇ ಮಾತು. ಹಾಲಿನಂಥ ಬಿಳುಪು ಕೆಲವೇ ತಿಂಗಳು. ಆಮೇಲೆ ಎಲ್ಲ ಉಸುಕೂ ತಿಳಿ ಕಂದಿಗೆ ತಿರುಗುತ್ತದೆ, ಅದು ಆರೋಗ್ಯದ ಗುರುತು.

ಹಂತ 5: ಎಷ್ಟು ಆಳ, ಎಷ್ಟು ತೂಕ

ಮೀನಿನ ಹೇಲು, ಉಳಿದ ಮೇವಿನಿಂದ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸ ಆಮ್ಲಜನಕ ಇರುವ ಮೇಲಿನ ಪದರದಲ್ಲಿ ನಡೆಯುತ್ತದೆ. ಆಮ್ಲಜನಕ ತಲುಪದ ಕೆಳಗಿನ ಪದರದಲ್ಲಿ ಬೇರೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕದ ಗಾಳಿಯಾಗಿಸಿ ಬಿಡುತ್ತವೆ. ಇದೇ ಆಸೆಯಿಂದ ಕೆಲವರು 10–15 ಸೆಂ.ಮೀ. ಆಳದ ತಳ ಹಾಕುತ್ತಾರೆ. ಸಿದ್ಧಾಂತ ಸರಿಯಾಗಿದೆ, ನಡೆಸಿಕೊಂಡು ಹೋದವರೂ ಇದ್ದಾರೆ. ಆದರೆ ಅದೇ ಕತ್ತಲ ಪದರದಲ್ಲಿ ಕೊಳೆ ಸೇರಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದನ್ನು ಒಮ್ಮೆಲೇ ಕೆದಕಿದರೆ ಮೀನು ಸಾಯಬಹುದು.

ನಮ್ಮ ಕಡೆಗೆ ಇನ್ನೊಂದು ಲೆಕ್ಕವಿದೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಸುಮಾರು 6.2. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗಾಳಿ-ಮಳೆಗೆ ಕರೆಂಟ್ ಹೋಗಿ ಪಂಪ್ ನಿಂತಾಗ, ಮೀನಿನ ಜೊತೆ ತಳದ ಬ್ಯಾಕ್ಟೀರಿಯಾಗಳೂ ಅದೇ ಆಮ್ಲಜನಕಕ್ಕೆ ಬಾಯಿ ಹಾಕುತ್ತವೆ. ತಳ ಆಳವಾದಷ್ಟೂ ಪಾಲುದಾರರು ಹೆಚ್ಚು. ಜಾಫಿಶ್ ಇಲ್ಲದ ಟ್ಯಾಂಕಿಗೆ, ಹುಬ್ಬಳ್ಳಿಗೂ, ಅದಕ್ಕಿಂತ ಬಿಸಿಯಾದ ಗದಗಿಗೂ ನಾನು 3–4 ಸೆಂ.ಮೀ. ಎನ್ನುತ್ತೇನೆ. ರಾಸ್ ಸಾಕುವವರು ಒಂದು ಮೂಲೆಯಲ್ಲಷ್ಟೇ 7 ಸೆಂ.ಮೀ. ಮಾಡಿಕೊಳ್ಳಿ. ಆಳ ಎಷ್ಟೇ ಇರಲಿ, ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ತೂಕ ತೆಗೆಯುವುದು ಹೀಗೆ. ಟ್ಯಾಂಕಿನ ಉದ್ದ, ಅಗಲ, ಉಸುಕಿನ ಆಳ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಣ ಉಸುಕು ಲೀಟರಿಗೆ ಸುಮಾರು 1.5 ಕೆಜಿ ತೂಗುತ್ತದೆ. ಮೂರು ಅಡಿಯ ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 4 ಸೆಂ.ಮೀ. ಆಳ ಎಂದುಕೊಳ್ಳಿ. 16.2 ಲೀಟರ್, ಅಂದರೆ 24 ಕೆಜಿಯ ಸುಮಾರು. ಒಂದೆರಡು ಕೆಜಿ ಹೆಚ್ಚಿಗೆ ತರಿಸಿ ಒಣಗಿದ್ದನ್ನು ಮುಚ್ಚಿಡಿ. ನೀರು, ಕಲ್ಲು, ಉಸುಕು, ಗಾಜು ಸೇರಿ ಇಂಥ ಟ್ಯಾಂಕ್ 200 ಕೆಜಿ ದಾಟುತ್ತದೆ, ಸ್ಟ್ಯಾಂಡ್ ಮಾಡಿಸುವಾಗ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಈ ಮಾತು ಮೊದಲೇ ಹೇಳಿ.

ಹಂತ 6: ಒಣ ಉಸುಕೋ, ಲೈವ್ ಸ್ಯಾಂಡೋ

ಬ್ಯಾಕ್ಟೀರಿಯಾ ಸಮೇತ ಹಸಿಯಾಗಿ ಪ್ಯಾಕ್ ಮಾಡಿದ್ದು ಲೈವ್ ಸ್ಯಾಂಡ್. ಕರಾವಳಿಯ ದೊಡ್ಡ ಊರಿನಲ್ಲಿದ್ದು, ಹೊಸ ಸ್ಟಾಕ್ ಕೈಗೆ ಸಿಗುವುದಾದರೆ ಅದು ಒಳ್ಳೆಯದೇ. ನಮಗೆ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಪಾರ್ಸಲ್ ಬರಬೇಕು. ಗೋದಾಮಿನಲ್ಲಿ ಎಷ್ಟು ದಿನ ಇತ್ತು, ಲಾರಿಯಲ್ಲಿ ಎಷ್ಟು ಕಾದಿತ್ತು ಗೊತ್ತಾಗುವುದಿಲ್ಲ. ಒಳಗಿನ ಜೀವ ಸತ್ತಿದ್ದರೆ ಅದೇ ಅಮೋನಿಯಾ ಆಗಿ ಟ್ಯಾಂಕಿಗಿಳಿಯುತ್ತದೆ. ಹಸಿ ಉಸುಕಿನ ತೂಕದಲ್ಲಿ ನೀರಿಗೂ ನೀವು ಬಾಡಿಗೆ ಕೊಟ್ಟಿರುತ್ತೀರಿ.

ಆದ್ದರಿಂದ ಒಣ ಆರಗೊನೈಟ್ ತರಿಸಿ. ಜೀವ ತುಂಬಲು, ಕನಿಷ್ಠ ಆರು ತಿಂಗಳಿನಿಂದ ರೋಗವಿಲ್ಲದೆ ನಡೆದಿರುವ ಗೆಳೆಯರ ಟ್ಯಾಂಕಿನಿಂದ ಒಂದು ಲೋಟ ಮೇಲ್ಪದರದ ಉಸುಕು ಕೇಳಿ. ಅದರಲ್ಲಿ ಬ್ಯಾಕ್ಟೀರಿಯಾ ಅಲ್ಲದೆ ಸಣ್ಣ ಹುಳು, ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಗಳು ಕೂಡ ಬರುತ್ತವೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾದ ಜೊತೆ ಇವು ಬರುವುದಿಲ್ಲ. ಅಂಥ ಗೆಳೆಯರು ಇಲ್ಲದಿದ್ದರೆ ಬಾಟಲಿಯ ಬ್ಯಾಕ್ಟೀರಿಯಾ ಹಾಕಿ ನಾಲ್ಕರಿಂದ ಆರು ವಾರ ಕಾಯಿರಿ.

ಹಂತ 7: ತೊಳೆಯುವುದು

ಲೈವ್ ಸ್ಯಾಂಡನ್ನು ತೊಳೆಯಬಾರದು. ಒಣ ಉಸುಕನ್ನು ತೊಳೆಯಲೇಬೇಕು. 20 ಲೀಟರಿನ ಬಕೆಟಿಗೆ ಒಮ್ಮೆಗೆ 5 ಕೆಜಿಗಿಂತ ಹೆಚ್ಚು ಹಾಕಬೇಡಿ. ನೀರು ಬಿಟ್ಟು ಕೈಯಿಂದ ತಳದವರೆಗೆ ಕಲಕಿ, ಹತ್ತು ಸೆಕೆಂಡ್ ಬಿಟ್ಟು ಹಾಲಿನಂಥ ನೀರನ್ನು ಬಗ್ಗಿಸಿ. ನೀರು ಮೋಡದಂತಾಗದೆ ತಿಳಿಯಾಗುವವರೆಗೆ ಇದೇ ಕೆಲಸ. ಸೋಪು ಹಚ್ಚಿದ ಬಕೆಟ್ ಮಾತ್ರ ಬೇಡವೇ ಬೇಡ.

ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಗಳಲ್ಲಿ ಇಷ್ಟು ನೀರು ಚೆಲ್ಲುವುದು ಮನಸ್ಸಿಗೆ ಒಪ್ಪುವುದಿಲ್ಲ. ಹೇಗೂ ಉಪ್ಪುನೀರು ಮಾಡಲು ಆರ್‌ಓ ನೀರೇ ಬೇಕು. ಮಲಪ್ರಭೆಯ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಗದಗಿನ ಬೋರಿನ ನೀರು ಗಡಸು. ಆರ್‌ಓದಿಂದ ಹೊರಬೀಳುವ ನೀರನ್ನು ಡ್ರಮ್ಮಿನಲ್ಲಿ ಕೂಡಿಸಿ ಮೊದಲ ತೊಳೆತಗಳಿಗೆ ಬಳಸಿ, ಕೊನೆಯ ಒಂದು ಸಲ ಮಾತ್ರ ಶುದ್ಧ ಆರ್‌ಓ ನೀರು. ಬಗ್ಗಿಸಿದ ನೀರಿನಲ್ಲಿ ಸಮುದ್ರದ ಉಪ್ಪಿಲ್ಲ, ಅಂಗಳ ತೊಳೆಯಲು ನಡೆಯುತ್ತದೆ.

ಹಂತ 8: ಟ್ಯಾಂಕಿಗೆ ಇಳಿಸುವುದು

ಕಲ್ಲು ಮೊದಲು, ಉಸುಕು ಆಮೇಲೆ. ಕಲ್ಲನ್ನು ಉಸುಕಿನ ಮೇಲೆ ಇಟ್ಟರೆ, ಗೋಬಿಯೋ ಸಿಗಡಿಯೋ ಕೆಳಗೆ ತೋಡಿದ ದಿನ ಅದು ವಾಲಿ ಗಾಜಿಗೆ ಬಡಿಯುತ್ತದೆ. ಕಲ್ಲುಗಳು ನೇರ ತಳದ ಮೇಲೆ ಅಲ್ಲಾಡದೆ ಕೂತಿವೆಯೆಂದು ಕೈಯಿಂದ ಒತ್ತಿ ನೋಡಿ. ಗಾಜಿಗೆ ಮೊನೆ ತಾಗುವ ಕಡೆ ತೆಳು ಅಕ್ರಿಲಿಕ್ ತುಂಡು ಇಟ್ಟರೆ ಒಳ್ಳೆಯದು.

ಖಾಲಿ ಟ್ಯಾಂಕಿಗಾದರೆ ಲೋಟದಿಂದ ಸುರಿದು ಕೈಯಿಂದ ಸಮ ಮಾಡಿ, ಮೇಲೆ ಪಾಲಿಥಿನ್ ಹಾಳೆ ಹಾಸಿ, ಅದರ ಮೇಲೆ ಉಪ್ಪುನೀರು ನಿಧಾನವಾಗಿ ಬಿಡಿ. ಮೊದಲೇ ನೀರಿದ್ದರೆ ಪಂಪುಗಳನ್ನೆಲ್ಲ ನಿಲ್ಲಿಸಿ. ಒಂದೂವರೆ ಇಂಚಿನ ಪಿವಿಸಿ ಪೈಪಿನ ತುದಿಯನ್ನು ತಳದ ಹತ್ತಿರ ಹಿಡಿದು, ಮೇಲಿನಿಂದ ಫನಲ್‌ನಲ್ಲಿ ಒದ್ದೆ ಉಸುಕು ಇಳಿಸಿ. ಒಂದು ಗಂಟೆ ಬಿಟ್ಟು ಪಂಪ್ ಹಚ್ಚಿ. ನೀರು ಒಂದರಿಂದ ಮೂರು ದಿನ ಮಬ್ಬಾಗಿರುತ್ತದೆ. ಫಿಲ್ಟರಿನ ಬಿಳಿ ಫ್ಲಾಸ್ ದಿನಕ್ಕೊಮ್ಮೆ ಬದಲಿಸುವುದನ್ನು ಬಿಟ್ಟು ಬೇರೇನೂ ಮಾಡಬೇಡಿ. ತಿಳಿಯಾಗಿಸುವ ಔಷಧಿ ಬೇಡ.

ತೊಳೆದ ಉಸುಕಿನ ಸಂದಿಗಳಲ್ಲಿ ಲೀಟರುಗಟ್ಟಲೆ ಸಿಹಿನೀರು ಉಳಿದಿರುತ್ತದೆ. ಅದು ಬೆರೆತು ಉಪ್ಪಿನಂಶ ಇಳಿಯುತ್ತದೆ. ಒಂದು ದಿನ ಪಂಪ್ ನಡೆದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಿಂದ ನೋಡಿ, ಸಾಂದ್ರತೆ 1.025ಕ್ಕಿಂತ ಕಡಿಮೆಯಿದ್ದರೆ ಬೇರೆ ಬಕೆಟಿನಲ್ಲಿ ಉಪ್ಪು ಕರಗಿಸಿ ಸೇರಿಸಿ. ಉಪ್ಪನ್ನು ನೇರವಾಗಿ ಉಸುಕಿನ ಮೇಲೆ ಸುರಿಯಬಾರದು.

ಮೊದಲ ತಿಂಗಳುಗಳು, ಆಮೇಲಿನ ಆರೈಕೆ

ಎರಡನೆಯ ವಾರದಿಂದ ಉಸುಕಿನ ಮೇಲೆ ಕಂದು ಧೂಳಿನಂಥ ಪದರ ಬರುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅದು. ಹೊಸ ಟ್ಯಾಂಕಿಗೆ ಬರುವಂಥದ್ದೇ, ತಾನೇ ಹೋಗುತ್ತದೆ. ಕೆನ್ನೇರಳೆ ಬಣ್ಣದ ಲೋಳೆ ಹಾಸು ಬಂದರೆ ಸಯನೋಬ್ಯಾಕ್ಟೀರಿಯಾ. ಮೇವು ಕಡಿಮೆ ಮಾಡಿ, ಆ ಜಾಗಕ್ಕೆ ಹರಿವು ತಿರುಗಿಸಿ, ಸೈಫನ್‌ನಿಂದ ಎಳೆದು ತೆಗೆಯಿರಿ.

ಉಸುಕು ಅಲ್ಲಲ್ಲಿ ಗಟ್ಟಿಯಾಗಿ ಗಡ್ಡೆ ಕಟ್ಟಿದರೆ ನೀರಿನ ಪರೀಕ್ಷೆಗೆ ಹೋಗಿ. ಕ್ಯಾಲ್ಸಿಯಂ, ಆಲ್ಕಲಿನಿಟಿ ಅತಿಯಾಗಿ, ಮೆಗ್ನೀಸಿಯಂ 1250 ಪಿಪಿಎಂಗಿಂತ ಇಳಿದಾಗ ನೀರಿನ ಸುಣ್ಣ ಕಾಳುಗಳ ನಡುವೆ ಕೂತು ಬೆಸೆಯುತ್ತದೆ. ಗಡ್ಡೆ ಒಡೆಯುವ ಮೊದಲು ಅಳತೆ ಸರಿಮಾಡಿ.

ನೀರು ಬದಲಿಸುವಾಗ ಪ್ರತಿಸಲ ತಳದ ಮೂರನೇ ಒಂದು ಭಾಗ ಮಾತ್ರ ಸೈಫನ್ ಮಾಡಿ, ಮುಂದಿನ ಸಲ ಪಕ್ಕದ ಭಾಗ. ಇದನ್ನು ಮೊದಲ ತಿಂಗಳಿನಿಂದಲೇ ರೂಢಿ ಮಾಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ತಳವನ್ನು ಮೀನು ಇರುವಾಗಲೇ ಒಂದು ದಿನ ಎದ್ದು ಕೆದಕುವುದು ಅಪಾಯ. ಗಾಜಿನ ಅಂಚಿನಲ್ಲಿ ಕಪ್ಪು ಮಚ್ಚೆ ಕಂಡರೆ ಅಲ್ಲಿ ಕೈಹಾಕಬೇಡಿ, ಸುತ್ತಲಿನ ಹರಿವು ಹೆಚ್ಚಿಸಿ.

ಮನೆ ಬದಲಿಸುವಾಗ ಟ್ಯಾಂಕ್ ಒಯ್ಯಬೇಕಾದರೆ ಉಸುಕು ಅದರಲ್ಲೇ ಬಿಟ್ಟು ಎತ್ತಬೇಡಿ, ತಳದ ಗಾಜು ಬಿರುಕು ಬಿಡುತ್ತದೆ. ಮೊದಲು ಮೀನು ಮತ್ತು ಹವಳಗಳನ್ನು ಹಳೆಯ ನೀರಿನಲ್ಲೇ ಬೇರೆ ಡಬ್ಬಗಳಿಗೆ ಹಾಕಿ. ಮೇಲಿನ ಒಂದು ಸೆಂ.ಮೀ. ಉಸುಕನ್ನು ಬೀಜಕ್ಕೆಂದು ತೆಗೆದು ಉಪ್ಪುನೀರಿನಲ್ಲಿಡಿ. ಉಳಿದದ್ದನ್ನು ಉಪ್ಪುನೀರಿನಲ್ಲೇ ಕೊಳೆ ಹೋಗುವವರೆಗೆ ತೊಳೆಯಿರಿ, ತುಂಬ ಹಳೆಯದಾಗಿದ್ದರೆ ಬಿಟ್ಟು ಹೊಸದು ಹಾಕಿ. ಹೊಸ ಮನೆಯಲ್ಲಿ ಮೊದಲ ಎರಡು ವಾರ ಮೇವು ಅರ್ಧಕ್ಕಿಳಿಸಿ, ಅಮೋನಿಯಾ ದಿನಾ ನೋಡಿ.